ಲಾಳ ಬಿಚ್ಚಿದ ಮೇಲೆ ಕುದುರೆ ಕಾಲು ನೊಂದರೆ: ಗೊರಸಿನ ಆರೈಕೆ ಮತ್ತು ನಂಬಬಹುದಾದ ಕೈ ಹುಡುಕುವುದು

ಬೆಂಗಳೂರು, ಮೈಸೂರಿನ ರೇಸ್‌ಕೋರ್ಸುಗಳಲ್ಲಿ ಓಡಿ ಮುಗಿಸಿದ ಥರೋಬ್ರೆಡ್ ಕುದುರೆಗಳು ಸವಾರಿ ಶಾಲೆಗಳಿಗೂ ತೋಟದ ಮನೆಗಳಿಗೂ ಬರುವುದು ಇವತ್ತು ಸಾಮಾನ್ಯ. ಕಾಲಿಗೆ ಬಿಡುವು ಸಿಗಲಿ ಎಂದು ಹೊಸ ಯಜಮಾನರು ಲಾಳ ಬಿಚ್ಚಿಸುತ್ತಾರೆ. ಮರುದಿನದಿಂದಲೇ ಕುದುರೆ ಮೊರಂ ದಾರಿಯಲ್ಲಿ ಹೆಜ್ಜೆ ಎಣಿಸಿ ಇಡತೊಡಗುತ್ತದೆ. ಜಲ್ಲಿಕಲ್ಲು ಎದುರಾದರೆ ನಿಂತೇಬಿಡುತ್ತದೆ. ಆಗ ಕೆಲವರು "ಅಭ್ಯಾಸ ಆಗುತ್ತೆ ಬಿಡಿ" ಎಂದು ನಡೆಸುತ್ತಲೇ ಇರುತ್ತಾರೆ. ಇನ್ನು ಕೆಲವರು ಸಿಕ್ಕವರನ್ನು ಕರೆಸಿ ಗೊರಸನ್ನು ಮತ್ತಷ್ಟು ಕೆತ್ತಿಸುತ್ತಾರೆ. ಎರಡರಿಂದಲೂ ನೋವು ಹೆಚ್ಚುತ್ತದೆ. ಲಾಳವಿಲ್ಲದ ನೊಂದ ಕಾಲಿಗೆ ಬೇಕಾದವರು ಚೆನ್ನಾಗಿ ಕತ್ತರಿಸುವವರಲ್ಲ, ಯಾವುದನ್ನು ಕತ್ತರಿಸಬಾರದೆಂದು ಬಲ್ಲವರು.

ನೋವು ಬರುವ ಕಾರಣ ಸರಳ. ಲಾಳ ಇದ್ದಷ್ಟು ದಿನ ಭಾರವೆಲ್ಲ ಗೊರಸಿನ ಹೊರಗೋಡೆಯ ಮೇಲೆ ಬೀಳುತ್ತದೆ, ಅಂಗಾಲು ನೆಲಕ್ಕೆ ತಾಗುವುದೇ ಕಡಿಮೆ. ಜೊತೆಗೆ ಪ್ರತಿ ಸಲ ಹೊಸ ಲಾಳ ಕೂರಿಸುವಾಗ ಅಂಗಾಲನ್ನು ಒಂದಿಷ್ಟು ಕೆತ್ತಿರುತ್ತಾರೆ. ಆರೋಗ್ಯವಾಗಿರುವ ಗೊರಸಿನ ಅಂಗಾಲು ಸುಮಾರು 15 ಮಿ.ಮೀ. ದಪ್ಪ ಇರುತ್ತದೆ. ಅದು 10 ಮಿ.ಮೀ.ಗಿಂತ ಕಡಿಮೆಯಾದರೆ ತೆಳು ಎಂದೇ ಲೆಕ್ಕ. ಒಳಗಿನ ಎಲುಬಿಗೂ ಹೊರಗಿನ ಕಲ್ಲಿಗೂ ನಡುವೆ ಇರುವುದು ಅಷ್ಟೇ ದಪ್ಪದ ಪದರ. ಗೋಡೆ ತಿಂಗಳಿಗೆ 6ರಿಂದ 10 ಮಿ.ಮೀ. ಬೆಳೆಯುತ್ತದೆ, ಹಾಗಾಗಿ ಮುಂತುದಿಯಲ್ಲಿ ಹೊಸ ಗೋಡೆ ಮೇಲಿನಿಂದ ನೆಲದವರೆಗೆ ಇಳಿಯಲು 9ರಿಂದ 12 ತಿಂಗಳು ಬೇಕು. ಮೊದಲ ಎರಡು ಮೂರು ತಿಂಗಳಲ್ಲಿ ಹಳೆಯ ಮೊಳೆ ತೂತುಗಳ ಸಾಲಿನಲ್ಲಿ ಗೋಡೆಯ ಚೂರುಗಳು ಎದ್ದು ಬೀಳುವುದುಂಟು. ಅದು ರೋಗವಲ್ಲ. ಅಂಚನ್ನು ಅರದಿಂದ ದುಂಡಗೆ ಮಾಡಿಸುತ್ತಿದ್ದರೆ ಸಾಕು.

ಲಾಳ ಬಿಚ್ಚಿಸಲು ಕಾಲವನ್ನೂ ನೋಡಿಕೊಳ್ಳಬೇಕು. ಮುಂಗಾರಿನ ನಡುವೆ ಬಿಚ್ಚಿದರೆ ಮೊದಲೇ ತೆಳುವಾದ ಅಂಗಾಲು ನೀರು ಕುಡಿದು ಇನ್ನೂ ಮೆತ್ತಗಾಗುತ್ತದೆ. ಏಪ್ರಿಲ್‌ನಲ್ಲಿ ಬಿಚ್ಚಿದರೆ ನೆಲ ಕಲ್ಲಾಗಿರುತ್ತದೆ, ಗೋಡೆ ಒಣಗಿ ಬೇಗ ಸಿಡಿಯುತ್ತದೆ. ಮಳೆ ನಿಂತು ನೆಲ ಇನ್ನೂ ಹದವಾಗಿರುವ ನವೆಂಬರ್, ಡಿಸೆಂಬರ್ ನಮ್ಮ ಕಡೆಗೆ ಒಳ್ಳೆಯದು.

ಮೊದಲು ನೋವಿನ ಜಾತಿ ಗುರುತಿಸಿ

ಯಾರಿಗೂ ಫೋನ್ ಮಾಡುವ ಮೊದಲು ಕಾಲು ಗಂಟೆ ಕುದುರೆಯನ್ನೇ ನೋಡಿ. ಸಿಮೆಂಟ್ ನೆಲ, ಹುಲ್ಲು, ನೊರಜುಗಲ್ಲಿನ ದಾರಿ, ಈ ಮೂರರ ಮೇಲೂ ಹಗ್ಗ ಸಡಿಲ ಬಿಟ್ಟು ನಡೆಸಿ. ಸಿಮೆಂಟ್ ಮತ್ತು ಹುಲ್ಲಿನ ಮೇಲೆ ಸಲೀಸಾಗಿ ನಡೆದು, ನೊರಜಿನ ಮೇಲೆ ಮಾತ್ರ ತಡವರಿಸಿದರೆ ಅಂಗಾಲು ತೆಳುವಾಗಿದೆ ಎಂದು ತಿಳಿಯಿರಿ. ಮೂರೂ ಕಡೆ ನೋವು ಕಂಡರೆ ವಿಷಯ ಬೇರೆ.

ಒಂದೇ ಮುಂಗಾಲು ನೋಯುತ್ತಿದ್ದರೆ ತಲೆ ನೋಡಿದರೆ ತಿಳಿಯುತ್ತದೆ: ನೊಂದ ಕಾಲು ನೆಲಕ್ಕೆ ಬಿದ್ದಾಗ ತಲೆ ಮೇಲೆ ಹೋಗುತ್ತದೆ, ಒಳ್ಳೆಯ ಕಾಲು ಬಿದ್ದಾಗ ಕೆಳಗಿಳಿಯುತ್ತದೆ. ಎರಡೂ ಮುಂಗಾಲು ಸಮನಾಗಿ ನೊಂದಿದ್ದರೆ ಈ ತಲೆಯಾಟ ಇರುವುದಿಲ್ಲ. ಹೆಜ್ಜೆ ಗಿಡ್ಡವಾಗುತ್ತದೆ, ತಿರುಗಿಸಿದಾಗ ಕಷ್ಟಪಡುತ್ತದೆ, ಹಿಮ್ಮಡಿಯ ಬದಲು ಮುಂತುದಿ ಮೊದಲು ಊರುತ್ತದೆ. ಇದನ್ನು ನೋಡಿ "ಸೋಮಾರಿ ಕುದುರೆ" ಎಂದು ಬೈಯುವವರೇ ಹೆಚ್ಚು.

ಆಮೇಲೆ ನಾಡಿ ನೋಡಿ. ಇದು ಕಲಿಯಲೇಬೇಕಾದ ಕೆಲಸ. ಗೊರಸಿಗಿಂತ ಮೇಲಿರುವ ಗೆಣ್ಣಿನ (ಫೆಟ್‌ಲಾಕ್) ಹಿಂಭಾಗದಲ್ಲಿ, ಎರಡೂ ಪಕ್ಕಕ್ಕೆ, ಬೆರಳಿಗೆ ಸಿಕ್ಕಿ ಜಾರುವ ಪೆನ್ಸಿಲ್ ದಪ್ಪದ ಒಂದು ಬಳ್ಳಿ ಇದೆ. ನರ, ರಕ್ತನಾಳಗಳೆಲ್ಲ ಅಲ್ಲಿ ಒಟ್ಟಾಗಿ ಇಳಿಯುತ್ತವೆ. ಅದರ ಮೇಲೆ ಎರಡು ಬೆರಳನ್ನು ಹಗುರವಾಗಿ ಇಟ್ಟು ಅರ್ಧ ನಿಮಿಷ ಕಾಯಿರಿ. ಜೋರಾಗಿ ಒತ್ತಿದರೆ ನಾಡಿಯೇ ಮುಚ್ಚಿಹೋಗುತ್ತದೆ. ಆರೋಗ್ಯವಾದ ಕುದುರೆಯಲ್ಲಿ ಅದು ಎಷ್ಟು ಸಣ್ಣಗಿರುತ್ತದೆಂದರೆ ಹುಡುಕಿದರೂ ಸಿಗದಿರಬಹುದು. ಬೆರಳನ್ನು ತಳ್ಳುವ ಹಾಗೆ ಬಡಿಯುತ್ತಿದ್ದರೆ ಗೊರಸಿನೊಳಗೆ ಉರಿಯೂತವಿದೆ. ಕುದುರೆ ಚೆನ್ನಾಗಿರುವ ದಿನಗಳಲ್ಲೇ ನಾಲ್ಕೂ ಕಾಲಿನ ನಾಡಿ ಮುಟ್ಟಿ ಅಭ್ಯಾಸ ಮಾಡಿಕೊಳ್ಳಿ. ಗೊರಸಿನ ಬಿಸಿಯನ್ನು ನೆರಳಿನಲ್ಲೇ ನೋಡಬೇಕು. ಬಿಸಿಲಲ್ಲಿ ನಿಂತ ಕಪ್ಪು ಗೊರಸು ಸುಮ್ಮನೆಯೂ ಕಾದಿರುತ್ತದೆ.

ನಿನ್ನೆ ಸರಿಯಿದ್ದ ಕುದುರೆ ಇವತ್ತು ಒಂದು ಕಾಲನ್ನು ಊರುವುದೇ ಇಲ್ಲ, ಆ ಕಾಲಿನ ನಾಡಿ ಮಾತ್ರ ಜೋರು ಎಂದರೆ ಹೆಚ್ಚಿನ ಸಲ ಅದು ಗೊರಸಿನೊಳಗಿನ ಕೀವು. ನೋಡಲು ಮೂಳೆ ಮುರಿದಂತಿರುತ್ತದೆ, ಆದ್ದರಿಂದ ವೈದ್ಯರು ಮುರಿತ ಇಲ್ಲವೆಂದು ಖಾತ್ರಿ ಮಾಡಬೇಕು. ಫ್ರಾಗ್ ಎನ್ನುವ, ಅಂಗಾಲಿನ ನಡುವಿನ ಮೆತ್ತನೆಯ ತ್ರಿಕೋನದ ಪಕ್ಕದ ಸಂದಿಗಳಿಂದ ಕಪ್ಪು ಲೋಳೆ, ಕೊಳೆತ ವಾಸನೆ ಬರುತ್ತಿದ್ದರೆ ಅದು ಥ್ರಷ್ ಎಂಬ ಗೊರಸು ಕೊಳೆಯುವ ರೋಗ.

ಎಲ್ಲಕ್ಕಿಂತ ಅಪಾಯಕಾರಿ ಲ್ಯಾಮಿನೈಟಿಸ್. ಎರಡೂ ಮುಂಗಾಲನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಹಿಂದಕ್ಕೆ ವಾಲಿ ನಿಂತಿರುತ್ತದೆ. ಎರಡೂ ಕಾಲಿನ ನಾಡಿ ಬಡಿಯುತ್ತಿರುತ್ತದೆ, ತಿರುಗಲು ಒಪ್ಪುವುದಿಲ್ಲ. ಗೊರಸಿನ ಗೋಡೆಗೂ ಒಳಗಿನ ಎಲುಬಿಗೂ ಇರುವ ಬೆಸುಗೆ ಬಿಡುತ್ತಿದೆ ಎಂದರ್ಥ. ಇದು ಲಾಳ ಕಟ್ಟುವವರನ್ನು ಕರೆಯುವ ಹೊತ್ತಲ್ಲ, ಪಶುವೈದ್ಯರನ್ನು ಕರೆಯುವ ಹೊತ್ತು, ಅದೂ ಆ ಗಂಟೆಯಲ್ಲೇ. ಅವರು ಬರುವವರೆಗೆ ನಡೆಸಬೇಡಿ. ಧಾನ್ಯ, ಬೆಲ್ಲ ಪೂರ್ತಿ ನಿಲ್ಲಿಸಿ. ಕಾಲಡಿಗೆ ಒಣ ಹೊಟ್ಟು ಅಥವಾ ಮರಳನ್ನು ಒಂದು ಗೇಣು ಹಾಕಿ. ಧಾನ್ಯದ ಚೀಲಕ್ಕೆ ಬಾಯಿ ಹಾಕಿದೆ ಎಂದು ಗೊತ್ತಾದರೆ ಕುಂಟುವುದಕ್ಕೆ ಕಾಯದೆ ಮೊಣಕಾಲಿನ ಕೆಳಗಿನವರೆಗೆ ಐಸ್ ನೀರಿನಲ್ಲಿ ನಿಲ್ಲಿಸಿ. ಐಸ್ ಕರಗಿದ ಹಾಗೆ ಮತ್ತೆ ತುಂಬುತ್ತ ಇರಬೇಕು. ಆಗೊಮ್ಮೆ ಈಗೊಮ್ಮೆ ಹತ್ತು ನಿಮಿಷ ಹಾಕಿ ತೆಗೆದರೆ ಪ್ರಯೋಜನ ಕಡಿಮೆ. ವೈದ್ಯರು ಇದನ್ನು 48ರಿಂದ 72 ಗಂಟೆ ಮುಂದುವರಿಸಲು ಹೇಳಬಹುದು.

ತಾಲ್ಲೂಕು ಪಶು ಆಸ್ಪತ್ರೆಗೆ ಬರುವುದು ಹೆಚ್ಚಾಗಿ ಹಸು, ಎಮ್ಮೆ, ಕುರಿ. "ಕುದುರೆ ನೋಡಿ ಅಭ್ಯಾಸ ಇದೆಯೇ ಸರ್?" ಎಂದು ಕೇಳುವುದರಲ್ಲಿ ತಪ್ಪಿಲ್ಲ, ಬಹಳಷ್ಟು ವೈದ್ಯರು ನೇರವಾಗಿಯೇ ಹೇಳುತ್ತಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ದಾರಿ, ಹತ್ತಿರದ ಸವಾರಿ ಶಾಲೆಗೆ ಬರುವ ಕುದುರೆ ವೈದ್ಯರ ಸಂಪರ್ಕ, ಪಶುಪಾಲನಾ ಇಲಾಖೆಯ 1962 ಸಹಾಯವಾಣಿ, ಇವಿಷ್ಟನ್ನು ಮೊದಲೇ ಬರೆದಿಟ್ಟುಕೊಳ್ಳಿ. ನೋವಿನ ಮಾತ್ರೆ, ಇಂಜೆಕ್ಷನ್ ಸ್ವಂತ ಬುದ್ಧಿಯಿಂದ ಬೇಡ. ಒಂದೇ ಬಗೆಯ ಎರಡು ನೋವಿನ ಔಷಧಿ ಸೇರಿದರೆ ಹೊಟ್ಟೆ, ಕರುಳಿನಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಮನೆಯಲ್ಲಿ ಉಳಿದ ಡೈಕ್ಲೋಫೆನಾಕ್ ಅಂತೂ ಮುಟ್ಟಲೇಬೇಡಿ. ರಣಹದ್ದುಗಳನ್ನು ಕೊಲ್ಲುತ್ತದೆಂದು ಪಶುಗಳಿಗೆ ಅದನ್ನು ಕೊಡುವುದನ್ನು 2006ರಲ್ಲೇ ನಿಷೇಧಿಸಿದ್ದಾರೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಹದ್ದುಗಳ ಸಲುವಾಗಿಯಾದರೂ ಈ ಮಾತು ನೆನಪಿರಲಿ.

ಲಾಳ ಕಟ್ಟುವವರನ್ನು ಎಲ್ಲಿ ಹುಡುಕುವುದು

ಬ್ರಿಟನ್ನಿನಲ್ಲಿ 1975ರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಕುದುರೆಗೆ ಲಾಳ ಹೊಡೆಯುವಂತಿಲ್ಲ. ನಮ್ಮಲ್ಲಿ ಅಂಥ ಕಾನೂನಿಲ್ಲ. ಅರ, ಚಾಕು, ಇಕ್ಕಳ ಇದ್ದವರೆಲ್ಲ ಫ್ಯಾರಿಯರ್ (ಲಾಳ ಕಟ್ಟುವವರು) ಎಂದು ಹೇಳಿಕೊಳ್ಳಬಹುದು. ಆದ್ದರಿಂದ ಕೆಲಸ ಕಲಿತದ್ದು ಎಲ್ಲಿ, ಈಗ ಯಾರ ಕುದುರೆಗಳನ್ನು ನೋಡುತ್ತಿದ್ದಾರೆ ಎನ್ನುವುದೇ ಆಧಾರ.

ಹುಡುಕಬೇಕಾದ ಜಾಗಗಳು ಕೆಲವೇ: ಬೆಂಗಳೂರು ಮತ್ತು ಮೈಸೂರಿನ ರೇಸ್‌ಕೋರ್ಸುಗಳ ಕುದುರೆಲಾಯ, ದೊಡ್ಡ ಸವಾರಿ ಶಾಲೆಗಳು, ಕುಣಿಗಲ್ಲಿನ ಸ್ಟಡ್ ಫಾರ್ಮ್ ಸುತ್ತಮುತ್ತ, ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ, ಅದೇ ಊರಿನ ಟಾಂಗಾ ನಿಲ್ದಾಣ. ಸೇನೆಯ ಪ್ರಾಣಿಗಳನ್ನು ನೋಡಿಕೊಳ್ಳುವ ದಳವಾದ ರಿಮೌಂಟ್ ವೆಟರ್ನರಿ ಕೋರ್‌ನಲ್ಲಿ ಫ್ಯಾರಿಯರ್ ಕೆಲಸ ಕಲಿತು ನಿವೃತ್ತರಾದವರು ಸಿಕ್ಕರೆ ಕೈಬಿಡಬೇಡಿ. ಮೀರತ್‌ನಲ್ಲಿರುವ ಆ ದಳದ ತರಬೇತಿ ಕೇಂದ್ರದಲ್ಲಿ ಪಳಗಿದವರಿಗೆ ಗೊರಸಿನ ಒಳರಚನೆ ಗೊತ್ತಿರುತ್ತದೆ. ಮನೆತನದ ಕಸುಬಾಗಿ ಮಾಡುತ್ತ ಬಂದ ನಾಲ್‌ಬಂದ್ ಕುಟುಂಬಗಳಲ್ಲಿ ಕೈಚಳಕ ಅಪಾರ. ಆದರೆ ಅವರಲ್ಲಿ ಅನೇಕರ ಅನುಭವವೆಲ್ಲ ಲಾಳ ಹಾಕಿದ ಕುದುರೆಯದು. ಲಾಳಕ್ಕೆಂದು ಅಂಗಾಲು ಸಮ ಮಾಡುವ ರೂಢಿ ಬರಿಗಾಲ ಕುದುರೆಗೆ ಒಗ್ಗುವುದಿಲ್ಲ ಎಂದು ಮೊದಲೇ ಮಾತಾಡಿಕೊಳ್ಳಬೇಕು.

ಎತ್ತಿಗೆ ಲಾಳ ಕಟ್ಟುವವರ ಕೈಗೆ ಕುದುರೆ ಕೊಡಬೇಡಿ. ಅವರ ಕಸುಬಿನ ಬಗ್ಗೆ ಗೌರವ ಕಡಿಮೆಯಾಗಿ ಹೇಳುವ ಮಾತಲ್ಲ ಇದು. ಎತ್ತಿನದು ಸೀಳುಗೊರಸು, ಒಂದು ಕಾಲಿಗೆ ಎರಡು ತುಂಡು ಲಾಳ. ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ ಹೊಡೆಯುತ್ತಾರೆ. ಕುದುರೆಯನ್ನು ಹಾಗೆ ಕೆಡವಿದರೆ ಬೆನ್ನು, ಕಾಲು ಮುರಿದುಕೊಳ್ಳಬಹುದು. ಮೊಳೆ ಹೊಡೆಯುವ ಜಾಗ, ಕೋನ ಎಲ್ಲವೂ ಬೇರೆ.

ಫೋನಿನಲ್ಲಿ ದರ ಕೇಳುವ ಮೊದಲು ಹೀಗೆ ಕೇಳಿ ನೋಡಿ: "ಅಣ್ಣ, ರೇಸಿಂದ ಬಂದ ಕುದುರೆ. ಲಾಳ ತೆಗೆಸಿ ಮೂರು ವಾರ ಆಯ್ತು, ಮುಂಗಾಲು ಎರಡೂ ನೋಯ್ತಿದೆ. ನೀವು ಬಂದ್ರೆ ಮೊದಲು ಏನು ನೋಡ್ತೀರಿ?" "ನಡೆಸಿ ತೋರಿಸಿ, ಆಮೇಲೆ ಹೇಳ್ತೀನಿ", "ಫೋಟೊ ಕಳಿಸಿ", "ಮೇವು ಏನು ಹಾಕ್ತೀರಿ?", "ಡಾಕ್ಟರ್ ನೋಡಿದ್ರಾ?" ಇಂಥ ಉತ್ತರ ಬಂದರೆ ಮಾತು ಮುಂದುವರಿಸಿ. "ಬಂದು ಚೆನ್ನಾಗಿ ಕೆತ್ತಿ ಲಾಳ ಹೊಡೆದುಬಿಡ್ತೀನಿ, ಸರಿಹೋಗುತ್ತೆ" ಎಂದರೆ ಬೇರೆಯವರನ್ನು ನೋಡಿ. ಎಷ್ಟು ವಾರಕ್ಕೊಮ್ಮೆ ಬರುತ್ತಾರೆ, ಕೆಲಸ ಮಾಡಿದ ಮೇಲೆ ಕುದುರೆ ಕುಂಟಿದರೆ ಮತ್ತೆ ಬಂದು ನೋಡುತ್ತಾರೆಯೇ ಎನ್ನುವುದನ್ನೂ ಕೇಳಿ. ಆಮೇಲೆ ಅವರು ನೋಡುವ ಎರಡು ಮೂರು ಕುದುರೆಗಳನ್ನು ಕಣ್ಣಾರೆ ನೋಡಿ ಬನ್ನಿ. ಯಜಮಾನರ ಹೊಗಳಿಕೆಗಿಂತ ಆ ಕುದುರೆಗಳು ಕಲ್ಲಿನ ಮೇಲೆ ನಡೆಯುವ ರೀತಿ ಹೆಚ್ಚು ನಂಬಿಕೆಗೆ ಅರ್ಹ.

ಒಂದೇ ಕುದುರೆಗೆಂದು ನೂರು ಕಿಲೋಮೀಟರ್ ಬರಲು ಒಳ್ಳೆಯ ಕೆಲಸಗಾರರು ಹಿಂಜರಿಯುತ್ತಾರೆ. ಸುತ್ತಲಿನ ಕುದುರೆಗಳನ್ನು ಸೇರಿಸಿ ಒಂದೇ ದಿನ ಗೊತ್ತುಮಾಡಿ, ಪ್ರಯಾಣದ ಖರ್ಚು ಹಂಚಿಕೊಳ್ಳಿ. ಬಂದ ದಿನವೇ ಮುಂದಿನ ದಿನಾಂಕ ಹಿಡಿದಿಡಿ. ಬರಿಗಾಲ ಕುದುರೆಗೆ 4ರಿಂದ 6 ವಾರ ಸರಿಯಾದ ಅಂತರ. ಹತ್ತು ವಾರ ಬಿಟ್ಟು ಒಮ್ಮೆಲೇ ಕತ್ತರಿಸುವುದಕ್ಕಿಂತ ನಾಲ್ಕು ವಾರಕ್ಕೊಮ್ಮೆ ಅರ ಆಡಿಸುವುದು ಗೊರಸಿಗೆ ಹಿತ.

ಅವರು ಬಂದ ದಿನ

ನೆರಳಿರುವ ಸಮನಾದ ಗಟ್ಟಿ ನೆಲ, ಕೆಸರು ತೊಳೆದು ಒಣಗಿಸಿದ ಕಾಲು, ನೊಣ ಓಡಿಸಲು ಒಬ್ಬರು, ಕುದುರೆ ಹಿಡಿಯಲು ಅದರ ಪರಿಚಯದವರೊಬ್ಬರು, ಇಷ್ಟು ಸಿದ್ಧವಿರಲಿ. ಕಾಲೆತ್ತಿ ಒಂದೆರಡು ನಿಮಿಷ ನಿಲ್ಲುವುದನ್ನು ಕುದುರೆಗೆ ಕಲಿಸುವುದು ನಿಮ್ಮ ಕೆಲಸ, ಲಾಳ ಕಟ್ಟುವವರದಲ್ಲ. ನೊಂದ ಕುದುರೆಗೆ ಒಂದು ಕಾಲೆತ್ತಿದರೆ ಭಾರ ಇನ್ನೊಂದು ನೊಂದ ಕಾಲಿಗೆ ಬೀಳುತ್ತದೆ. ಆ ಕಾಲಡಿ ರಬ್ಬರ್ ಮ್ಯಾಟ್ ಹಾಸಿ, ಪ್ರತಿ ನಿಮಿಷಕ್ಕೊಮ್ಮೆ ಕಾಲಿಳಿಸಲು ಬಿಡಿ. ಎಳೆದುಕೊಳ್ಳುವ ಕುದುರೆಗೆ ಹೊಡೆಯುವವರನ್ನು ಆ ಕ್ಷಣವೇ ನಿಲ್ಲಿಸಿ ಕಳಿಸಿಬಿಡಿ. ಎಷ್ಟೇ ಕೈಚಳಕ ಇರಲಿ, ಅಂಥವರಿಂದ ಆಗುವ ನಷ್ಟ ವರ್ಷಗಟ್ಟಲೆ ಉಳಿಯುತ್ತದೆ.

ಬಲ್ಲವರು ಉಪಕರಣದ ಚೀಲ ಬಿಚ್ಚುವ ಮೊದಲೇ ಕುದುರೆಯನ್ನು ನಡೆಸಿ ನೋಡುತ್ತಾರೆ. ಮುಂದಿನಿಂದ, ಪಕ್ಕದಿಂದ, ಕುಳಿತು ನೆಲದ ಮಟ್ಟದಿಂದ ಗೊರಸನ್ನು ನೋಡುತ್ತಾರೆ. ಆಮೇಲೆ ಕಾಲೆತ್ತಿ ಕಲ್ಲು ಮಣ್ಣು ಕೆರೆದು, ಹೆಬ್ಬೆರಳಿನಿಂದ ಅಂಗಾಲನ್ನು ಒತ್ತುತ್ತಾರೆ. ಹೆಬ್ಬೆರಳಿಗೆ ಬಗ್ಗುವ ಅಂಗಾಲಿಗೆ ಚಾಕು ತಾಗಿಸಬಾರದು.

ಕತ್ತರಿಸುವಾಗ ನೀವು ಪಕ್ಕದಲ್ಲಿ ನಿಂತು ನೋಡಬೇಕಾದದ್ದು ಇದು. ಅಂಗಾಲಿನಿಂದ ಪುಡಿಪುಡಿಯಾಗಿ ಉದುರುವ ಸತ್ತ ಪದರ ಹೋದರೆ ತೊಂದರೆಯಿಲ್ಲ. ಚಾಕುವಿನ ಕೆಳಗೆ ಸುರುಳಿ ಸುರುಳಿಯಾಗಿ, ನುಣುಪಾಗಿ ಹೊಳೆಯುತ್ತ ಬರತೊಡಗಿದರೆ ಜೀವಂತ ಅಂಗಾಲು ಶುರುವಾಗಿದೆ, ಅಲ್ಲಿಗೆ ಕೈ ನಿಲ್ಲಬೇಕು. ಮುಂತುದಿಯ ಹಿಂದಿನ ಗಟ್ಟಿ ದಿಂಡನ್ನು ಮುಟ್ಟಲೇಬಾರದು, ಎಲುಬಿನ ತುದಿ ಅದರ ಮೇಲೇ ಇರುತ್ತದೆ. ಫ್ರಾಗ್‌ನಲ್ಲಿ ಜೋತಾಡುವ, ಕೊಳೆ ಹಿಡಿಸುವ ಚೂರುಗಳನ್ನಷ್ಟೇ ತೆಗೆಯಬೇಕು. ಗೋಡೆಯನ್ನು ಅಂಗಾಲಿಗಿಂತ 1-2 ಮಿ.ಮೀ. ಎತ್ತರ ಉಳಿಸಿ, ಅದರ ಹೊರ ಅಂಚನ್ನು ಅರದಿಂದ ದುಂಡಗೆ ಮಾಡಬೇಕು. ಚೂಪಾಗಿ ಬಿಟ್ಟರೆ ಆ ಅಂಚೇ ಕಲ್ಲಿಗೆ ಸಿಕ್ಕಿ ಗೋಡೆಯನ್ನು ಸೀಳುತ್ತದೆ. ರೇಸ್ ಕುದುರೆಗಳಲ್ಲಿ ಮುಂತುದಿ ಉದ್ದ, ಹಿಮ್ಮಡಿ ತಗ್ಗು. ಅದನ್ನು ಒಂದೇ ಸಲಕ್ಕೆ ತಿದ್ದಲು ಹೊರಟರೆ ಸ್ನಾಯುರಜ್ಜು ಎಳೆದುಕೊಳ್ಳುತ್ತದೆ. ಪ್ರತಿ ಸಲ ಸ್ವಲ್ಪ ಸ್ವಲ್ಪವಾಗಿ ಮುಂತುದಿಯನ್ನು ಹಿಂದಕ್ಕೆ ತರುವುದು ದಾರಿ.

ಬಿಳಿ ಬಟ್ಟಲಿನ ಹಾಗೆ ಕೆತ್ತಿ, ಎಣ್ಣೆ ಬಳಿದು, ಮಿಂಚುವ ಗೊರಸು ಫೋಟೊಗೆ ಚೆಂದ. ನೊಂದ ಕುದುರೆಗೆ ಅದು ಶಿಕ್ಷೆ. ಹೊರಗೋಡೆಯನ್ನು ಮೇಲಿನವರೆಗೆ ಅರದಿಂದ ಉಜ್ಜಿ ನುಣುಪು ಮಾಡುವುದೂ ಅಂಥದ್ದೇ, ತೇವ ಕಾಪಾಡುವ ಪದರ ಹೊರಟುಹೋಗುತ್ತದೆ. ರಕ್ತ ಕಂಡರಂತೂ ಆ ದಿನದ ಕೆಲಸ ಅಲ್ಲಿಗೆ ಸಾಕು.

ಪ್ರತಿ ಸಲ ಕೆಲಸಕ್ಕೆ ಮೊದಲು ಮತ್ತು ನಂತರ ಪ್ರತಿ ಗೊರಸಿನ ನಾಲ್ಕು ಫೋಟೊ ತೆಗೆಯಿರಿ: ಎದುರಿನಿಂದ, ಪಕ್ಕದಿಂದ, ಹಿಂದಿನಿಂದ, ಅಂಗಾಲು. ಮೊದಲ ಮೂರಕ್ಕೆ ಫೋನ್ ನೆಲಕ್ಕೆ ತಾಗಿರಬೇಕು, ಇಲ್ಲವಾದರೆ ಕೋನ ಮೋಸ ಮಾಡುತ್ತದೆ. ಆರು ತಿಂಗಳ ಫೋಟೊಗಳನ್ನು ಪಕ್ಕಪಕ್ಕ ಇಟ್ಟರೆ ವಾದಕ್ಕೆ ಜಾಗವಿರುವುದಿಲ್ಲ. ಫೋಟೊ ತೆಗೆಯಬೇಡಿ ಎನ್ನುವವರ ಮೇಲೆ ಅನುಮಾನವಿರಲಿ.

ಕೆಲಸವಾದ ಮೇಲೆ ಒಂದು ದಿನ ಸ್ವಲ್ಪ ಬಿಗಿಯಾಗಿ ನಡೆಯಬಹುದು. ಮೂರನೆಯ ದಿನವೂ ನೋವಿದ್ದರೆ ಹೆಚ್ಚು ಕತ್ತರಿಸಿದ್ದಾರೆ. ಅದನ್ನು ಅವರಿಗೆ ಮರ್ಯಾದೆಯಿಂದ ಹೇಳಿ, ನಡೆಯುವ ವಿಡಿಯೊ ಕಳಿಸಿ. "ಹೌದು, ಮುಂದಿನ ಸಲ ಅಂಗಾಲು ಬಿಡ್ತೀನಿ" ಎನ್ನುವವರನ್ನು ಉಳಿಸಿಕೊಳ್ಳಿ. "ಕುದುರೆಯೇ ಹಾಗೆ" ಎಂದು ಹೇಳಿ ಮುಂದಿನ ಸಲವೂ ಅಷ್ಟೇ ಕತ್ತರಿಸುವವರನ್ನು ಬದಲಿಸಿ.

ನೋವು ಇಳಿಸುವ ದಾರಿ

ತೆಳು ಅಂಗಾಲಿಗೆ ಮೊದಲ ಔಷಧ ನೆಲ. ಡೈರಿ ಸಾಮಾನು ಮಾರುವ ಅಂಗಡಿಗಳಲ್ಲಿ ಹಸುಗಳಿಗೆಂದು ಸಿಗುವ ದಪ್ಪ ರಬ್ಬರ್ ಮ್ಯಾಟನ್ನು ಲಾಯದಲ್ಲಿ ಹಾಸಿ, ಅದರ ಮೇಲೆ ಒಣ ಹೊಟ್ಟು ಅಥವಾ ಮರದ ಹೊಟ್ಟು ಹಾಕಿ. ನೀರಿನ ತೊಟ್ಟಿಗೂ ಮೇವಿಗೂ ನಡುವಿನ ದಾರಿಯಲ್ಲಿ ಜಲ್ಲಿ ಇದ್ದರೆ ಗುಡಿಸಿ ತೆಗೆಯಿರಿ. ಕುದುರೆ ದಿನಕ್ಕೆ ಹತ್ತಾರು ಸಲ ನಡೆಯುವ ದಾರಿ ಅದೇ.

ಗೊರಸಿನ ಬೂಟು ಸಿಕ್ಕರೆ ಒಳ್ಳೆಯದು. ಅಳತೆಯನ್ನು ಗೊರಸು ಕತ್ತರಿಸಿದ ದಿನವೇ ತೆಗೆಯಬೇಕು: ಅತಿ ಅಗಲವಾದ ಕಡೆ ಅಗಲ, ಮುಂತುದಿಯಿಂದ ಹಿಮ್ಮಡಿಯ ಗೋಡೆ ಮುಗಿಯುವವರೆಗೆ ಉದ್ದ, ಎರಡೂ ಮಿಲಿಮೀಟರಿನಲ್ಲಿ, ಎಡಬಲ ಕಾಲಿಗೆ ಬೇರೆ ಬೇರೆಯಾಗಿ. ಹಿಂದಿನ ಮೆತ್ತನೆ ಉಬ್ಬುಗಳನ್ನು ಉದ್ದಕ್ಕೆ ಸೇರಿಸಿಕೊಂಡು ತಪ್ಪು ಅಳತೆಯ ಬೂಟು ತರಿಸುವವರು ಬಹಳ. ದಿನವೂ ಬಿಚ್ಚಿ ಒಣಗಿಸಿ. ಹಿಮ್ಮಡಿಯ ಚರ್ಮ ಕೆಂಪಾಗಿದೆಯೇ ನೋಡಿ.

ಬೂಟು ಸಿಗುವವರೆಗೆ ಫೋಮ್ ಮತ್ತು ಟೇಪಿನಲ್ಲೇ ಕೆಲಸ ನಡೆಯುತ್ತದೆ. 4-5 ಸೆಂ.ಮೀ. ದಪ್ಪದ ಗಟ್ಟಿ ಫೋಮ್ ಹಾಳೆಯ ಮೇಲೆ ಗೊರಸಿನ ಅಂಚು ಬರೆದು ಕತ್ತರಿಸಿ. ಕಾಲು ತೊಳೆದು ಒರೆಸಿ, ಫೋಮ್ ಇಟ್ಟು, ಅಗಲವಾದ ಡಕ್ಟ್ ಟೇಪನ್ನು ಗೊರಸಿನ ಗೋಡೆಗೆ ಅಡ್ಡಡ್ಡ ಸುತ್ತಿ. ಟೇಪು ಕೂದಲಿನ ಅಂಚಿನ ಮೇಲೆ ಬಿಗಿದರೆ ರಕ್ತ ಓಡಾಟ ನಿಲ್ಲುತ್ತದೆ, ಆದ್ದರಿಂದ ಅದಕ್ಕಿಂತ ಒಂದು ಬೆರಳು ಕೆಳಗೇ ನಿಲ್ಲಲಿ. ದಿನ ಬಿಟ್ಟು ದಿನ ಬದಲಿಸಿ, ಫೋಮ್ ಚಪ್ಪಟೆಯಾಗಿದ್ದರೆ ಅದಕ್ಕೂ ಮೊದಲೇ.

ನಾಡಿ ತಣ್ಣಗಾದ ಮೇಲೆ ನಡಿಗೆ ಶುರುಮಾಡಿ, ಏಕೆಂದರೆ ಗೊರಸು ಗಟ್ಟಿಯಾಗುವುದು ನಡೆದರೆ ಮಾತ್ರ. ನೋವಿನಲ್ಲಿ ನಡೆಸಿದರೆ ಮುಂತುದಿ ಊರಿ ನಡೆಯುವ ಅಭ್ಯಾಸವಾಗುತ್ತದೆ, ಹಿಂಭಾಗ ಬೆಳೆಯುವುದೇ ಇಲ್ಲ. ದಿನಕ್ಕೆರಡು ಸಲ ಹತ್ತು ನಿಮಿಷ, ಹುಲ್ಲು ಅಥವಾ ನುಣುಪು ಟಾರು ರಸ್ತೆಯಲ್ಲಿ, ಸವಾರಿ ಇಲ್ಲದೆ. ಟಾರು ಗಟ್ಟಿ ನಿಜ, ಆದರೆ ಸಮನಾಗಿದ್ದರೆ ಭಾರ ಗೋಡೆಯ ಮೇಲೆ ಹಂಚಿಕೆಯಾಗುತ್ತದೆ. ಕೊರೆಯುವುದು ಬಿಡಿ ಕಲ್ಲು. ವಾರಕ್ಕೆ ಐದು ನಿಮಿಷ ಏರಿಸಿ. ಹೆಜ್ಜೆ ಹಿಮ್ಮಡಿಯಿಂದ ಊರತೊಡಗಿದಾಗ ಲಾಯದ ಮುಂದೆ ಒಂದಿಷ್ಟು ಜಾಗದಲ್ಲಿ 6-10 ಮಿ.ಮೀ.ನ ದುಂಡನೆ ಹೊಳೆಗಲ್ಲನ್ನು ನಾಲ್ಕು ಇಂಚು ಹರಡಿ, ಅದರ ಮೇಲೆ ತಾನಾಗಿ ನಿಲ್ಲಲು ಬಿಡಬಹುದು. ಕ್ರಷರ್ ಜಲ್ಲಿ ಮೂಲೆಮೂಲೆಯಾಗಿರುತ್ತದೆ, ಅದು ಬೇಡ.

ಕೀವು ಮತ್ತು ಮೊಳೆ

ಕೀವೆಂದು ವೈದ್ಯರು ಖಚಿತಪಡಿಸಿದ ಮೇಲೆ ಮನೆಯಲ್ಲಿ ಮಾಡುವ ಕೆಲಸ ಹೀಗೆ:

1. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಒಂದು ಲೋಟ ಎಪ್ಸಮ್ ಸಾಲ್ಟ್ ಕರಗಿಸಿ, ಗೊರಸು ಮುಳುಗುವಂತೆ 15-20 ನಿಮಿಷ ನಿಲ್ಲಿಸಿ.
2. ಎರಡು ಲೋಟ ಗೋಧಿ ಬೂಸಕ್ಕೆ ಅರ್ಧ ಲೋಟ ಎಪ್ಸಮ್ ಸಾಲ್ಟ್ ಹಾಕಿ, ಬಿಸಿನೀರಿನಲ್ಲಿ ಮುದ್ದೆಯಾಗುವಷ್ಟು ಕಲಸಿ. ಕೈಗೆ ತಡೆಯುವಷ್ಟು ಬಿಸಿಯಿದ್ದಾಗ ಅಂಗಾಲಿಗೆ ಪಟ್ಟು ಹಾಕಿ.
3. ಮಗುವಿನ ಡಯಾಪರ್ ಸುತ್ತಿ, ಮೇಲೆ ಡಕ್ಟ್ ಟೇಪ್. ದಿನಕ್ಕೊಮ್ಮೆ ಬದಲಿಸಿ.

ಮೂರು ದಿನಕ್ಕಿಂತ ಹೆಚ್ಚು ನೆನೆಸಬೇಡಿ, ಅಂಗಾಲೇ ಮೆತ್ತಗಾಗುತ್ತದೆ. ಕೀವು ಅಂಗಾಲಿನಿಂದಲೋ ಕೂದಲಿನ ಅಂಚಿನಿಂದಲೋ ಹೊರಬಂದರೆ ನೋವು ಗಂಟೆಗಳಲ್ಲೇ ಇಳಿಯುತ್ತದೆ. ಆಮೇಲೆ ಒಣ ಪಟ್ಟಿ ಸಾಕು. ಕೀವು ಹುಡುಕುತ್ತ ದೊಡ್ಡ ಗುಂಡಿ ತೋಡಲು ಯಾರಿಗೂ ಬಿಡಬೇಡಿ. ದಾರಿ ಸಿಕ್ಕರೆ ಸಣ್ಣ ತೂತು ಸಾಕಾಗುತ್ತದೆ, ದೊಡ್ಡದು ತುಂಬಲು ತಿಂಗಳುಗಳು ಬೇಕು.

ಮೊಳೆ ಚುಚ್ಚಿದ್ದರೆ ತಕ್ಷಣ ಕೀಳುವ ಆತುರ ಬೇಡ. ಅದು ಎತ್ತ ಹೋಗಿದೆಯೆಂದು ವೈದ್ಯರು ಎಕ್ಸ್‌ರೇಯಲ್ಲಿ ನೋಡಬೇಕು. ಫ್ರಾಗ್‌ನ ನಡುಭಾಗಕ್ಕೆ ಚುಚ್ಚಿದ್ದರೆ ಒಳಗಿನ ಕೀಲಿಗೆ ಸೋಂಕು ತಗುಲಿ ಕುದುರೆಯ ಜೀವಕ್ಕೇ ಕುತ್ತು. ಕಾಲೂರಿ ಮೊಳೆ ಇನ್ನೂ ಒಳಗೆ ಹೋಗುವಂತಿದ್ದರೆ ಮಾತ್ರ, ಫೋಟೊ ತೆಗೆದು, ಜಾಗ ಗುರುತು ಮಾಡಿ, ಬಂದ ದಿಕ್ಕಿನಲ್ಲೇ ಎಳೆಯಿರಿ. ಮೊಳೆಯನ್ನು ಎಸೆಯದೆ ಇಟ್ಟುಕೊಳ್ಳಿ. ಧನುರ್ವಾಯು ಕುದುರೆಗೆ ಬಹಳ ಬೇಗ ತಗುಲುತ್ತದೆ, ಆದ್ದರಿಂದ ಚುಚ್ಚುಗಾಯ, ಕೀವು ಯಾವುದೇ ಇರಲಿ, ಲಸಿಕೆ ಯಾವಾಗ ಹಾಕಿಸಿದ್ದೆಂದು ವೈದ್ಯರಿಗೆ ಹೇಳಿ.

ಮಳೆಗಾಲ

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಥ್ರಷ್ ಬರುವುದು ಗ್ಯಾರಂಟಿ ಎಂದುಕೊಂಡೇ ಸಿದ್ಧವಾಗಿರಿ. ಎರೆಮಣ್ಣಿನ ಸೀಮೆಯಲ್ಲಿ ಅಂಟುಮಣ್ಣು ಸಂದಿಯಲ್ಲಿ ಕೂತು ಗಾಳಿಯಾಡದಂತೆ ಮಾಡುತ್ತದೆ. ಥ್ರಷ್ ತರುವ ಕ್ರಿಮಿಗಳಿಗೆ ಬೇಕಾದದ್ದೂ ಅದೇ. ಬೆಳಿಗ್ಗೆ ಸಂಜೆ ಗೊರಸು ಕೆರೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ. ಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ. ಫ್ರಾಗ್‌ನ ಹಿಂಭಾಗದ ಸೀಳು ಆಳವಾಗಿದ್ದರೆ ಹತ್ತಿಯನ್ನು ಅದರಲ್ಲಿ ನೆನೆಸಿ ಸೀಳಿನೊಳಗೆ ಹಗುರವಾಗಿ ತುಂಬಿ, ದಿನವೂ ಬದಲಿಸಿ. ಮೈಲುತುತ್ತ ಬಳಸುವುದಾದರೆ ಲೀಟರ್ ನೀರಿಗೆ 20 ಗ್ರಾಂ ಸಾಕು. ಗಟ್ಟಿ ದ್ರಾವಣ, ಫಾರ್ಮಲಿನ್, ಆಸಿಡ್ ಜೀವಂತ ಮಾಂಸವನ್ನು ಸುಡುತ್ತವೆ, ಕೊಳೆತ ಮತ್ತೆ ಆಳಕ್ಕಿಳಿಯುತ್ತದೆ. ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯುವ ರೂಢಿಯನ್ನು ಬಿಟ್ಟುಬಿಡಿ. ತೇವ ಒಳಗೇ ಉಳಿಯುತ್ತದೆ, ಚರ್ಮಕ್ಕೂ ಕೆಡುಕು.

ಗಂಜಲ ನಿಂತ ಲಾಯದಲ್ಲಿ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ. ನೆಲಕ್ಕೆ ಇಳಿಜಾರು ಕೊಡಿಸಿ. ದಿನದಲ್ಲಿ ಆರೇಳು ಗಂಟೆಯಾದರೂ ಒಣ ನೆಲದ ಮೇಲೆ ನಿಲ್ಲುವಂತಿರಲಿ.

ಮೇವಿನ ಲೆಕ್ಕ

ಹೊಟ್ಟೆಗೆ ಹಾಕಿದ್ದು ಗೊರಸಿನಲ್ಲಿ ಕಾಣುತ್ತದೆ. ಮೊದಲು ತೂಕ ಅಂದಾಜು ಮಾಡಿ: ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿ. ಅಳತೆ ಸೆಂಟಿಮೀಟರಿನಲ್ಲಿದ್ದರೆ ತೂಕ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 165, ಉದ್ದ 150 ಇದ್ದರೆ ಸುಮಾರು 344 ಕೆ.ಜಿ. ಇದಕ್ಕೆ ದಿನಕ್ಕೆ ತೂಕದ ಶೇ 1.5ರಿಂದ 2ರಷ್ಟು, ಅಂದರೆ 5ರಿಂದ 7 ಕೆ.ಜಿ. ಒಣ ಮೇವು ಬೇಕು. ರಾಗಿ ಹುಲ್ಲು, ಒಣ ಹುಲ್ಲು, ಸ್ವಲ್ಪ ಕುದುರೆ ಮೆಂತೆ ಸೊಪ್ಪು ಸೇರಿದರೆ ಒಳ್ಳೆಯ ಮಿಶ್ರಣ. ಧಾನ್ಯ ಒಂದು ಹೊತ್ತಿಗೆ ತೂಕದ ಶೇ 0.5 ದಾಟಬಾರದು. ಸವಾರಿ ನಿಂತ ಕುದುರೆಗೆ ರೇಸಿನ ದಿನಗಳ ಹುರುಳಿ, ಓಟ್ಸ್ ಪ್ರಮಾಣವನ್ನೇ ಮುಂದುವರಿಸುವುದು ಲ್ಯಾಮಿನೈಟಿಸ್ ಅನ್ನು ಕರೆದು ಕೂರಿಸಿದಂತೆ. ಮದುವೆ ಮನೆಯ ಉಳಿದ ಅನ್ನ, ಸಿಹಿ, ಬಂದವರೆಲ್ಲ ಕೊಡುವ ಬೆಲ್ಲಕ್ಕೂ ತಡೆ ಹಾಕಿ. ಕೋಳಿ, ದನದ ಫೀಡ್ ಕುದುರೆಗೆ ಹಾಕಬೇಡಿ. ಅವುಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆತಿದ್ದರೆ ಅದು ಕುದುರೆಯ ಹೃದಯ ನಿಲ್ಲಿಸುವಷ್ಟು ವಿಷ.

ಬಯೋಟಿನ್ ಕೊಡುವುದಾದರೆ ದಿನಕ್ಕೆ 15-20 ಮಿ.ಗ್ರಾಂ. ಫಲ ಕಾಣಲು ಆರೇಳು ತಿಂಗಳು ಬೇಕು, ಹೊಸದಾಗಿ ಬೆಳೆಯುವ ಗೋಡೆಯಲ್ಲಷ್ಟೇ ಅದು ಕಾಣುತ್ತದೆ.

ಮತ್ತೆ ಲಾಳ ಹಾಕಿಸಬೇಕಾದಾಗ

ಬರಿಗಾಲೇ ಸರಿ ಎಂಬ ಹಟಕ್ಕೆ ಕುದುರೆಯನ್ನು ನೋಯಿಸಬಾರದು. ನೆಲ, ಮೇವು, ಕತ್ತರಿಸುವ ರೀತಿ ಮೂರನ್ನೂ ಸರಿಮಾಡಿ, ಬೂಟು ಹಾಕಿಯೂ ಮೂರು ತಿಂಗಳಾದ ಮೇಲೆ ಸಮ ನೆಲದಲ್ಲೇ ಕುಂಟುತ್ತಿದ್ದರೆ ಎಕ್ಸ್‌ರೇ ತೆಗೆಸಿ ಅಂಗಾಲಿನ ದಪ್ಪ, ಎಲುಬಿನ ಕೋನ ನೋಡಿಸಿ. ಟಾಂಗಾಕ್ಕೆ ಕಟ್ಟುವ ಕುದುರೆ, ದಿನವೂ ಕಲ್ಲುದಾರಿಯಲ್ಲಿ ಸವಾರಿಗೆ ಹೋಗುವ ಕುದುರೆಗೆ ಲಾಳವೇ ಬೇಕಾಗಬಹುದು. ಮುಂಗಾಲಿಗಷ್ಟೇ ಹಾಕಿಸಿದರೂ ಅನೇಕ ಸಲ ಸಾಕು.

ಹಾಕಿಸುವಾಗ ಲಾಳವನ್ನು ಗೊರಸಿನ ಆಕಾರಕ್ಕೆ ಬಗ್ಗಿಸಬೇಕು, ಲಾಳದ ಆಕಾರಕ್ಕೆ ಗೊರಸನ್ನು ಉಜ್ಜಬಾರದು. ಮೊಳೆ, ಗೋಡೆಗೂ ಅಂಗಾಲಿಗೂ ನಡುವೆ ಕಾಣುವ ಬಿಳಿ ಗೆರೆಯ ಹೊರಗೇ ಹೋಗಬೇಕು. ಒಳಗೆ ಹೋದರೆ ಕುದುರೆ ಅಲ್ಲೇ ಕಾಲೆಳೆದುಕೊಳ್ಳುತ್ತದೆ, ಅಥವಾ ಎರಡು ಮೂರು ದಿನದಲ್ಲಿ ಕೀವಾಗುತ್ತದೆ. ಅಂಗಾಲು ತೆಳುವಾಗಿದ್ದರೆ ಲಾಳದ ಒಳಮೈ ಅಂಗಾಲಿಗೆ ಒತ್ತದಂತೆ ತಗ್ಗು ಮಾಡಿಸಿ, ಬೇಕಿದ್ದರೆ ನಡುವೆ ಪ್ಯಾಡ್ ಹಾಕಿಸಿ. ಲಾಳ ಗಟ್ಟಿಯಾಗಿ ಕಂಡರೂ 5-6 ವಾರಕ್ಕೆ ಬಿಚ್ಚಿ ಗೊರಸು ಕತ್ತರಿಸಿ ಮತ್ತೆ ಕೂರಿಸಬೇಕು. ಗೋಡೆ ಬೆಳೆದ ಹಾಗೆ ಲಾಳ ಮುಂದಕ್ಕೆ ಸರಿದು, ಅದರ ಹಿಂತುದಿಗಳು ಹಿಮ್ಮಡಿಯ ಅಂಗಾಲಿನ ಮೇಲೆ ಕೂತು ಒತ್ತತೊಡಗುತ್ತವೆ.